ಬ್ರೇಕಮ್ಮನ ನರಳಾಟ

ಆಕೆಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಈಗ ಅದು ಗೊತ್ತಿರುವುದು ಗಂಡನಿಗೆ, ಅಕ್ಕನಿಗೆ ಮತ್ತು ಆಸ್ಪತ್ರೆಯ ಕಂಪ್ಯೂಟರಿಗೆ ಮಾತ್ರ. ಉಳಿದವರಿಗೆಲ್ಲ ಆಕೆ ಬ್ರೇಕಮ್ಮ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿ ಇರುವ ಹಾಗೆ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕೈಕಾಲು ಬಿಟ್ಟು ಕೂತಾಗ ಕಲಿಸುವವರು ಅದನ್ನು ತುಳಿಯಬೇಕು. ಬ್ರೇಕಮ್ಮನ ಜೀವನವೆಲ್ಲ ಕಳೆದದ್ದು ಆ ಪಕ್ಕದ ಸೀಟಿನಲ್ಲಿ. ಸ್ಟೀರಿಂಗ್ ಮುಟ್ಟದೆ ಇಡೀ ಪಟ್ಟಣ ಸುತ್ತಿದ ಹೆಂಗಸು ಆಕೆ ಒಬ್ಬಳೇ ಇರಬೇಕು.

ಬ್ರೇಕ್ ತುಳಿಯುವ ಆಕೆಯ ಬಲಗಾಲಿಗೆ ಕಾರಿನ ಒಳಗೂ ಹೊರಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಸಿನಿಮಾದಲ್ಲಿ ಯಾರಾದರೂ ಓಡಿಹೋಗಿ ಮದುವೆಯಾಗುತ್ತೇವೆ ಅಂದರೆ ಕಾಲು ಮುಂದಿನ ಸೀಟಿಗೆ ಒತ್ತುತ್ತಿತ್ತು. ಅಕ್ಕ ಬಾಯಿ ತೆರೆದರೆ ಸಾಕು, ಅಡುಗೆಮನೆಯ ನೆಲಕ್ಕೆ ಒತ್ತುತ್ತಿತ್ತು. ಅಕ್ಕ ನಿಲ್ಲುವ ಪೈಕಿ ಅಲ್ಲ, ಆ ಮಾತು ಬೇರೆ. ಗಂಡ ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಕೂರಿಸುವ ಕೆಲಸದವನು, ಮೆತ್ತನೆಯ ಮನುಷ್ಯ. ಅವನಿಗೆ ಬ್ರೇಕಿನ ಅಗತ್ಯವೇ ಇರಲಿಲ್ಲ. ಬೇಕಾದ್ದು ತಳ್ಳುವವರು.

ಇಂಥ ಹೆಂಗಸಿಗೆ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಸಿಗರೇಟು ಸೇದುವವನು ಎದುರು ರಸ್ತೆಯಲ್ಲಿ ಬಂದರೂ ಕಾರಿನ ಗಾಜು ಏರಿಸುತ್ತಿದ್ದವಳಿಗೆ. ಕೆಮ್ಮು ಹೋಗಲಿಲ್ಲವೆಂದು ತೋರಿಸಿಕೊಳ್ಳಲು ಹೋದದ್ದು, ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೊಂದು ಕಡೆಗೆ ಕಳಿಸಿ, ಕೊನೆಗೆ ಕ್ಯಾನ್ಸರ್ ಆಸ್ಪತ್ರೆಯ ಒಂದು ಬಾಗಿಲು ತಳ್ಳಿ ಒಳಗೆ ಹೋದರೆ, ಮೇಜಿನ ಹಿಂದೆ ಕೂತಿದ್ದ ಡಾಕ್ಟರ್ ಬೆಚ್ಚಿಬಿದ್ದು ಎದ್ದುನಿಂತಳು. ಬ್ರೇಕಮ್ಮನ ಶಿಷ್ಯೆ! ಲೈಸೆನ್ಸ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಹೊಡೆದು ಇನ್ನೂ ಕಲಿಯುತ್ತಲೇ ಇದ್ದವಳು. ಹಿಂದಿನ ಸಂಜೆಯಷ್ಟೇ, "ಕ್ಲಚ್ಚು ಬಿಡಮ್ಮಾ, ಅದೇನು ನಿಮ್ಮಪ್ಪನ ಆಸ್ತಿಯಾ, ಹಾಗೆ ಹಿಡ್ಕೊಂಡಿದ್ದೀಯಲ್ಲ" ಎಂದು ಬ್ರೇಕಮ್ಮನ ಕೈಲಿ ಬೈಸಿಕೊಂಡಿದ್ದಳು.

ಅಂದಿನಿಂದ ಇಬ್ಬರ ಮಧ್ಯೆ ಒಂದು ಒಪ್ಪಂದ ತಾನಾಗಿಯೇ ಆಯಿತು. ಆಸ್ಪತ್ರೆಯಲ್ಲಿ ಬ್ರೇಕಮ್ಮ "ನೀವು, ಡಾಕ್ಟ್ರೇ" ಎನ್ನುವುದು, ಕಾರಿನಲ್ಲಿ "ನೀನು, ಹುಡುಗಿ" ಎನ್ನುವುದು. ಇಬ್ಬರೂ ಒಬ್ಬರನ್ನು ಕಂಡರೆ ಒಬ್ಬರು ಹೆದರುತ್ತಿದ್ದರು, ಸ್ಥಳ ಮಾತ್ರ ಬೇರೆ.

ಡಾಕ್ಟರ್ ಔಷಧಿ ವಿವರಿಸಿದ್ದೇ ತಪ್ಪಾಯಿತು ಅನ್ನಬೇಕು. "ನೋಡಿ, ನಮ್ಮ ಮೈಯಲ್ಲಿ ಕಾವಲು ಕಾಯೋ ಕೋಶಗಳಿವೆ. ಗಡ್ಡೆ ಏನು ಮಾಡಿದೆ ಅಂದ್ರೆ, ಅವುಕ್ಕೆ ಬ್ರೇಕ್ ಹಾಕಿ ಕೂರಿಸಿಬಿಟ್ಟಿದೆ. ನಾವು ಕೊಡೋ ಡ್ರಿಪ್ಪು ಆ ಬ್ರೇಕನ್ನ ತೆಗೆಯುತ್ತೆ. ಆಗ ಅವು ಹೋಗಿ ಗಡ್ಡೆ ಮೇಲೆ ಬೀಳ್ತವೆ."

"ಬ್ರೇಕ್ ತೆಗೀತೀರಾ?" ಬ್ರೇಕಮ್ಮನ ಮುಖ ಕಪ್ಪಿಟ್ಟಿತು. "ಪೂರ್ತಿ? ಆಮೇಲೆ ಇಳಿಜಾರು ಬಂದ್ರೆ?"

"ಇಳಿಜಾರು ಬರುತ್ತೆ," ಡಾಕ್ಟರ್ ಪಾಪ ನಿಜವನ್ನೇ ಹೇಳಿದಳು. "ಬ್ರೇಕ್ ಇಲ್ಲದ ಕೋಶಗಳು ಒಳ್ಳೆ ಭಾಗಗಳ ಮೇಲೂ ಬೀಳಬಹುದು. ನಿಮಗೆ ಮೊದಲೇ ಕೀಲುವಾತ ಇದೆ. ಅದು ಮತ್ತೆ ಕೆರಳಬಹುದು. ಹಾಗೆ ಕೆರಳಿದ್ರೆ ಕೆಲವರಲ್ಲಿ ಔಷಧಿ ಕೆಲಸ ಮಾಡ್ತಿದೆ ಅನ್ನೋದಕ್ಕೆ ಅದೊಂದು ಸೂಚನೆ ಇದ್ದರೂ ಇರಬಹುದು, ಖಂಡಿತ ಅಂತ ಹೇಳೋಕಾಗಲ್ಲ. ಆದರೆ ಕೀಲಿಗೆ ಅಂತ ನೀವು ತಗೊಳ್ತಿರೋ ಸ್ಟೀರಾಯ್ಡ್ ಮಾತ್ರೆ ಇದೆಯಲ್ಲ, ಅದು ಕಾವಲಿನವರನ್ನ ಮತ್ತೆ ಮಲಗಿಸಿಬಿಡುತ್ತೆ. ಅದನ್ನ ನಿಧಾನವಾಗಿ ಇಳಿಸಿ ನಿಲ್ಲಿಸೋಣ. ನೋವು ಬಂದ್ರೆ ತಡ ಮಾಡದೆ ನನಗೆ ಹೇಳಿ."

ಇಷ್ಟು ಮಾತಿನಲ್ಲಿ ಜೊತೆಗೆ ಬಂದಿದ್ದ ಅಕ್ಕನ ಕಿವಿಗೆ ಬಿದ್ದದ್ದು ಒಂದೇ: ಕೀಲು ನೋವು ಬಂದರೆ ಔಷಧಿ ಕೆಲಸ ಮಾಡುತ್ತಿದೆ. "ಕೆಲವರಲ್ಲಿ", "ಇದ್ದರೂ ಇರಬಹುದು" ಎಂಬುದೆಲ್ಲ ಬಾಗಿಲ ಹೊರಗೇ ಉಳಿಯಿತು. ಡಾಕ್ಟರಿಗೆ ಹೇಳಬೇಕು ಅನ್ನುವುದಂತೂ ಯಾರಿಗೂ ಕೇಳಿಸಲೇ ಇಲ್ಲ.

ಅಕ್ಕನ ವಿಷಯ ಬಂದಿತಲ್ಲ, ಹೇಳಿಬಿಡುತ್ತೇನೆ. ಮನೆಯಲ್ಲಿರುವ ಔಷಧಿಗಳನ್ನೆಲ್ಲ ತನ್ನಿ, ಯಾವುದು ಯಾವುದಕ್ಕೆ ಆಗಿಬರೋದಿಲ್ಲ ನೋಡಬೇಕು ಎಂದು ಡಾಕ್ಟರ್ ಹೇಳಿದ್ದಕ್ಕೆ ಈಕೆ ನಿಜವಾಗಿಯೂ ಮನೆಯಲ್ಲಿರುವುದನ್ನೆಲ್ಲ ಒಂದು ಕೈಚೀಲಕ್ಕೆ ಸುರಿದು ತಂದಳು. ಮೇಜಿನ ಮೇಲೆ ಗುಡ್ಡೆ ಬಿತ್ತು. ಹೊಟ್ಟೆಯುರಿಯ ಮಾತ್ರೆ ನಿಜಕ್ಕೂ ಬೇಕಾ ಎಂದು ಕೇಳಿ ಡಾಕ್ಟರ್ ಪಕ್ಕಕ್ಕಿಟ್ಟಳು. ಯಾವಾಗಲೋ ಉಳಿದ ಆ್ಯಂಟಿಬಯೋಟಿಕ್ ಸುಮ್ಮಸುಮ್ಮನೆ ನುಂಗಬೇಡಿ, ಹೊಟ್ಟೆಯೊಳಗಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತರೆ ಈ ಔಷಧಿಗೂ ಬಲ ಕಡಿಮೆಯಾದೀತು ಎಂದಳು. ಅಕ್ಕನ ಪರಿಚಯದವರು ಕೊಟ್ಟ ಬೇರಿನ ಪುಡಿಯಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ, ಅದನ್ನು ತಾನೇ ಕಸದ ಡಬ್ಬಿಗೆ ಹಾಕಿದಳು. ಅಕ್ಕನ ಮುಖ ಕೆಂಪೇರಿತು. ಕೊನೆಗೆ ಉಳಿದ ಒಂದು ಹಳದಿ ಮಾತ್ರೆಯನ್ನು ಡಾಕ್ಟರ್ ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವಾಗಿಂದ ತಗೊಳ್ತಿದ್ದೀರಿ?" ಎಂದಳು.

"ಅದು ನಾಯಿದು," ಎಂದ ಗಂಡ. "ಜಂತುಹುಳಕ್ಕೆ."

ಎರಡನೆಯ ಡ್ರಿಪ್ಪು ಮುಗಿದು ಕೆಲವು ದಿನಗಳಿಗೆ ಕೀಲುಗಳು ಕೆರಳಿದವು. ಬೆರಳ ಗೆಣ್ಣುಗಳು ಊದಿದವು, ಪಾದದ ಕೀಲು ಕೆಂಪಾಯಿತು. ಬ್ರೇಕಮ್ಮ ಯಾರಿಗೂ ಹೇಳಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗದೆ ಅದನ್ನು ಸುಮ್ಮನೆ ಮೇಜಿನ ಮೇಲಿಟ್ಟದ್ದು ಗಂಡನ ಕಣ್ಣಿಗೆ ಬಿತ್ತು.

"ನೋವಾ?" ಎಂದ.

"ಹೂಂ."

"ತುಂಬಾನಾ?"

"ತುಂಬಾ."

"ಭೇಷ್!" ಎಂದು ಗಂಡ ಕೂಗಿದ್ದಕ್ಕೆ ನಾಯಿ ಎದ್ದು ಬೊಗಳಿತು. ಅಕ್ಕ ಒಳಗಿನಿಂದ ಓಡಿಬಂದು, ತಂಗಿಯ ಊದಿದ ಕೈ ಹಿಡಿದು ಒತ್ತಿ ನೋಡಿ, ಬ್ರೇಕಮ್ಮ ಹಲ್ಲು ಕಚ್ಚಿದ್ದನ್ನು ಕಂಡು, ಆನಂದಬಾಷ್ಪ ಸುರಿಸಿದಳು. ಆ ಮಧ್ಯಾಹ್ನವೆಲ್ಲ ಅವಳದು ಫೋನಿನದೇ ಕೆಲಸ. "ಶುಭ ಸುದ್ದಿ ಕಣೇ! ತಂಗಿಗೆ ಲೋಟ ಎತ್ತೋಕೂ ಆಗ್ತಿಲ್ಲ!" ಆಚೆಯವರಿಗೆ ಏನು ಅರ್ಥವಾಯಿತೋ, ಅವರೂ ಸಂತೋಷಪಟ್ಟರು. ಪಕ್ಕದ ಮನೆಯ ಹೊಲಿಗೆಯವಳು ಬಂದು, "ಮೆಟ್ಟಿಲು ಹತ್ತೋಕಾದ್ರೂ ಆಗುತ್ತಾ?" ಎಂದು ಆಸೆಯಿಂದ ಕೇಳಿದಳು. ಆಗುವುದಿಲ್ಲ ಎಂದದ್ದಕ್ಕೆ ಕೈಮುಗಿದಳು.

ಎಲ್ಲ ಚೆನ್ನಾಗಿಯೇ ಇತ್ತು, ಅಂದರೆ ಬ್ರೇಕಮ್ಮನ ಬಿಟ್ಟು ಉಳಿದವರಿಗೆ. ಆಕೆ ಕೆಲಸ ಬಿಟ್ಟಿರಲಿಲ್ಲ. ಡ್ರಿಪ್ಪಿನ ದಿನಗಳನ್ನು ಬಿಟ್ಟು ಉಳಿದ ದಿನ ಸೀಟಿನಲ್ಲಿ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಒಬ್ಬ ಬ್ಯಾಂಕಿನ ಗುಮಾಸ್ತ ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದ. ಬ್ರೇಕಮ್ಮನ ಬಲಗಾಲು ತನ್ನ ಬ್ರೇಕಿನ ಮೇಲೆ ಬಿತ್ತು. ಬಿದ್ದದ್ದೇ ಪಾದದ ಕೀಲಿನಿಂದ ಮಂಡಿಯವರೆಗೆ ಬೆಂಕಿ ಹತ್ತಿದ ಹಾಗಾಗಿ ಕಾಲು ಹಿಂದಕ್ಕೆ ಬಂತು. ಕಾರು ಫುಟ್‌ಪಾತ್ ಹತ್ತಿ, ಒಂದು ಅಂಚೆ ಡಬ್ಬಿಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗುಮಾಸ್ತ ಅಂಚೆ ಡಬ್ಬಿಯ ಹತ್ತಿರ ಕ್ಷಮೆ ಕೇಳಿದ.

ಬ್ರೇಕಮ್ಮನಿಗೆ ಮಾತ್ರ ಗಡ್ಡೆ ಇದೆ ಅಂದಾಗ ಆಗದ ಹೆದರಿಕೆ ಆಗ ಆಯಿತು. ಅಲ್ಲಿ ಅಂಚೆ ಡಬ್ಬಿಯ ಬದಲು ಒಂದು ಮಗು ನಿಂತಿದ್ದರೆ? ಅಲ್ಲದೆ ಈ ಸೀಟಿನಿಂದ ಇಳಿದರೆ ತಾನು ಯಾರು? ಮೈಯಲ್ಲಿ ಬ್ರೇಕಿಲ್ಲದ ಕೋಶಗಳು, ಕಾರಿನಲ್ಲಿ ಬ್ರೇಕ್ ತುಳಿಯಲಾಗದ ಕಾಲು. ಇದು ಯಾವ ಲೆಕ್ಕ? ಜನ್ಮವಿಡೀ ಆಕೆ ಶಿಷ್ಯರಿಗೆ ಹೇಳಿಕೊಟ್ಟದ್ದು ಒಂದೇ: ಇಳಿಜಾರಿನಲ್ಲಿ ಗಾಡಿಯನ್ನು ಪೂರ್ತಿ ನಿಲ್ಲಿಸಬಾರದು, ಪೂರ್ತಿ ಬಿಡಲೂಬಾರದು, ಅರ್ಧ ಬ್ರೇಕಿನಲ್ಲಿ ಇಳಿಸಬೇಕು. ಹಾಗಾದರೆ ಈ ಔಷಧಿಗೂ ಅರ್ಧ ಬ್ರೇಕ್ ಹಾಕಿದರಾಯಿತು! ಡಾಕ್ಟರ್ ಹುಡುಗಿಗೆ ಅರ್ಧ ಬ್ರೇಕ್ ಯಾವತ್ತು ಬಂದಿತ್ತು?

ಬೀರುವಿನ ಮೂಲೆಯಲ್ಲಿ ಹಳೆಯ ಸ್ಟೀರಾಯ್ಡ್ ಮಾತ್ರೆಗಳು ಉಳಿದಿದ್ದವು. ಒಂದು ನುಂಗಿದಳು. ಸಾಲಲಿಲ್ಲ. ಮಾರನೆಯ ದಿನ ಹೆಚ್ಚಿಸಿದಳು. ಎರಡೇ ದಿನದಲ್ಲಿ ಊತ ಇಳಿದು ಕಾಲು ಹೂವಿನಷ್ಟು ಹಗುರವಾಯಿತು. ಮಾತ್ರೆ ಮುಗಿದಾಗ ಔಷಧಿ ಅಂಗಡಿಯವನು ಹಳೆಯ ಚೀಟಿ ನೋಡಿಯೇ ಮತ್ತೆ ಕೊಟ್ಟ, ಅವನಿಗೂ ಕಾರು ಕಲಿಸಿದ್ದು ಇವಳೇ ತಾನೆ. ಅರ್ಧ ಬ್ರೇಕ್ ಎಂದು ಶುರುವಾದದ್ದು ಹೀಗೆ ಮುಕ್ಕಾಲಾಯಿತು, ಆಮೇಲೆ ಪೂರ್ತಿಯಾಯಿತು. ತುಳಿಯುತ್ತಿರುವವಳಿಗೆ ಅದು ತಿಳಿಯಲಿಲ್ಲ.

ತೊಂದರೆ ಬಂದದ್ದು ಮನೆಯಲ್ಲಿ. ಒಂದು ದಿನ ತಿಂಡಿಯ ಹೊತ್ತಿಗೆ ಬ್ರೇಕಮ್ಮ ಡಬ್ಬಿಯ ಮುಚ್ಚಳ ಸಲೀಸಾಗಿ ತಿರುಗಿಸಿ ತೆಗೆದಳು. ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು.

"ನೋವಿಲ್ವಾ?"

"ಇವತ್ತು ಪರವಾಗಿಲ್ಲ ಅಕ್ಕಾ."

"ಅಯ್ಯೋ! ಪರವಾಗಿಲ್ಲ ಅಂತೆ!" ಅಕ್ಕ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಗಂಡ ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದುಕೊಂಡ. ಬ್ರೇಕಮ್ಮ ಅವನ ಬೆನ್ನನ್ನೇ ನೋಡಿದಳು. ಮಾತ್ರೆಯ ವಿಷಯ ಹೇಳುವ ಹಾಗಿಲ್ಲ, ಹೇಳಿದರೆ ಸೀಟು ಹೋಯಿತು. ಸುಮ್ಮನಿದ್ದರೆ ಈ ಇಬ್ಬರು ಊಟ ಬಿಟ್ಟು ಸಾಯುತ್ತಾರೆ.

ಸಂಜೆ ಕೆಲಸದಿಂದ ಬಂದವಳು ಹೊಸ್ತಿಲಲ್ಲೇ ಬಾಗಿಲ ಚೌಕಟ್ಟು ಹಿಡಿದು, "ಅಮ್ಮಾ! ಸತ್ತೇ!" ಎಂದಳು.

ಮನೆಗೆ ಜೀವ ಬಂತು.

ಆಮೇಲೆ ಶುರುವಾದದ್ದನ್ನು ನೋಡಲು ಟಿಕೆಟ್ ಇಡಬಹುದಾಗಿತ್ತು. ಬೆಳಿಗ್ಗೆ ಎದ್ದ ಕೂಡಲೆ ಒಂದು ನರಳಾಟ, ಸ್ನಾನಕ್ಕೆ ಹೋಗುವಾಗ ಒಂದು, ಯಾರಾದರೂ ನೋಡಲು ಬಂದರೆ ವಿಶೇಷವಾಗಿ ಇನ್ನೊಂದು. ಮನೆಯ ಮುಂದೆ ಕಾಲೆಳೆದುಕೊಂಡು ನಡೆದು, ಬೀದಿಯ ತಿರುವು ದಾಟಿದ ಮೇಲೆ ಬಸ್ಸಿಗೆ ಓಡುವುದು. ಸೋಮವಾರ ಎಡಗಾಲು ಕುಂಟಿದರೆ ಮಂಗಳವಾರ ಮರೆತು ಬಲಗಾಲು ಕುಂಟುತ್ತಿದ್ದಳು. ಪಕ್ಕದ ಮನೆಯ ಹೊಲಿಗೆಯವಳು ಇದನ್ನು ಗಮನಿಸಿ ಕೇಳಿದ್ದಕ್ಕೆ, "ಔಷಧಿ ಓಡಾಡ್ತಿದೆ, ಇನ್ನೇನು!" ಎಂದು ಅಕ್ಕನೇ ಬಾಯಿ ಮುಚ್ಚಿಸಿದಳು. ಗಂಡ ಪ್ರತಿ ನರಳಾಟಕ್ಕೂ "ಭೇಷ್!" ಎನ್ನುತ್ತಿದ್ದ. ದಿನದಿಂದ ದಿನಕ್ಕೆ ಅವನ ಭೇಷ್ ಜೋರಾಗುತ್ತಲೇ ಹೋಯಿತು. ಎಂಥ ಬೋಳೇಶಂಕರನನ್ನು ಕಟ್ಟಿಕೊಂಡೆನಪ್ಪಾ ಎಂದು ಬ್ರೇಕಮ್ಮ ಒಳಗೊಳಗೇ ನಗುತ್ತಿದ್ದಳು. ಸುಳ್ಳು ಹೇಳಬಾರದು, ಆಕೆಗೆ ಆ ದಿನಗಳು ಖುಷಿಯವೇ. ಕಾಲು ಗಟ್ಟಿ ಇತ್ತು, ಸೀಟು ಇತ್ತು, ಮನೆಯವರು ನಗುತ್ತಿದ್ದರು.

ಸ್ಕ್ಯಾನ್ ಬಂತು. ಗಡ್ಡೆ ಬೆಳೆದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೆಚ್ಚು ಮಾತಾಡಲಿಲ್ಲ. ಇನ್ನೊಬ್ಬ ದೊಡ್ಡ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದಳು. ಸಂಜೆ ಕಾರು ಕಲಿಯಲು ಎಂದಿನಂತೆ ಬಂದಳು. ಎರಡು ಬೀದಿ ಸುಮ್ಮನೆ ಓಡಿಸಿದಳು, ಚೆನ್ನಾಗಿಯೂ ಓಡಿಸಿದಳು, ಮನಸ್ಸು ಬೇರೆಲ್ಲೋ ಇದ್ದದ್ದರಿಂದ ಹೆದರುವುದನ್ನು ಮರೆತಿದ್ದಳು. ದೊಡ್ಡ ವೃತ್ತದ ಹತ್ತಿರ ಇದ್ದಕ್ಕಿದ್ದಂತೆ ಮಾತು ತೆಗೆದಳು.

"ಮೇಡಂ, ಇದನ್ನ ಅಲ್ಲಿ ಹೇಳೋಕಾಗಲಿಲ್ಲ. ಔಷಧಿ ಕೈಕೊಟ್ಟಿದೆ. ಮುಂದಿನ ವಾರದಿಂದ ನಿಲ್ಲಿಸೋಣ ಅಂತಿದ್ದಾರೆ ದೊಡ್ಡ ಡಾಕ್ಟ್ರು. ಬೇರೆ ದಾರಿ ಇದೆ, ಇಲ್ಲ ಅಂತಲ್ಲ. ಆದ್ರೆ ಇದರಷ್ಟು ಒಳ್ಳೇದು ಇಲ್ಲ." ಅವಳ ಕಣ್ಣು ತುಂಬಿಕೊಂಡಿತು. "ನಾನು ನಿದ್ದೆ ಮಾಡಿ ಎಷ್ಟು ದಿನ ಆಯ್ತೋ. ಎಲ್ಲಿ ತಪ್ಪಿದೆ ಅಂತ ಹುಡುಕ್ತಾನೇ ಇದ್ದೀನಿ. ನಿಮ್ಮ ಅಕ್ಕ ದಿನಾ ಫೋನ್ ಮಾಡಿ ತುಂಬಾ ನೋವಿದೆ, ತುಂಬಾ ಚೆನ್ನಾಗಿದೆ ಅಂತಾರೆ. ನೋವಿಗೆ ಏನಾದ್ರೂ ಕೊಡ್ತೀನಿ ಅಂದ್ರೆ ಬೇಡವೇ ಬೇಡ ಅಂತಾರೆ. ಇಲ್ಲಿ ಕಾರಲ್ಲಿ ನೋಡಿದ್ರೆ ನಿಮಗೆ ಊತಾನೇ ಇಲ್ಲ, ಕೇಳಿದ್ರೆ ಮಾತು ಹಾರಿಸ್ತೀರಿ. ನನಗೆ ಏನೂ ಅರ್ಥ ಆಗ್ತಿಲ್ಲ."

ಈಗ ಬಾಯಿ ಬಿಟ್ಟರೆ ಸೀಟು ಹೋಗುತ್ತದೆ, ಬಿಡದಿದ್ದರೆ ಜೀವ ಹೋಗುತ್ತದೆ. ಇಷ್ಟು ಸರಳವಾದ ಲೆಕ್ಕ ಮಾಡಲು ಬ್ರೇಕಮ್ಮನಿಗೆ ವೃತ್ತದ ಅರ್ಧ ಸುತ್ತು ಬೇಕಾಯಿತು. ತನ್ನ ಬಗ್ಗೆ ನಿದ್ದೆಗೆಟ್ಟು ಕೂತಿರುವ ಈ ಹುಡುಗಿಯನ್ನು ನೋಡಿದ ಮೇಲೆ ನಾಚಿಕೆಯೂ ಆಯಿತು.

"ಡಾಕ್ಟ್ರೇ," ಎಂದಳು. ಕಾರಿನಲ್ಲಿ ಹಾಗೆ ಕರೆದದ್ದು ಅದೇ ಮೊದಲು. "ನೋವಿಲ್ಲ. ಮಾತ್ರೆ ತಿಂತಾ ಇದ್ದೀನಿ. ಹಳೇದು. ಸ್ಟೀರಾಯ್ಡು."

ಕಾರು ವೃತ್ತದ ನಡುವೆ ನಿಂತುಬಿಟ್ಟಿತು. ಹಿಂದಿನಿಂದ ಹಾರ್ನುಗಳು ಶುರುವಾದವು. ಡಾಕ್ಟರ್ ಸ್ಟೀರಿಂಗ್ ಬಿಟ್ಟು ಪೂರ್ತಿ ಈ ಕಡೆ ತಿರುಗಿದ್ದಳು.

"ಎಷ್ಟು?"

ಬ್ರೇಕಮ್ಮ ಬೆರಳು ತೋರಿಸಿದಳು. ಒಂದು ಕೈ ಸಾಲಲಿಲ್ಲ.

"ದಿನಾ? ದಿನಾನಾ?"

ಅಷ್ಟರಲ್ಲಿ ಟ್ರಾಫಿಕ್ ಪೊಲೀಸ್ ಬಂದು ಗಾಜು ತಟ್ಟಿದ. "ಏನಮ್ಮಾ ಇದು, ಮನೆ ಅಂಗಳನಾ?"

"ಈಯಮ್ಮ ಮಾತ್ರೆ ತಿಂತಿದ್ದಾರೆ ಸಾರ್!" ಡಾಕ್ಟರ್ ಅಳುತ್ತ ಕೂಗಿದಳು. "ಕದ್ದು ತಿಂತಿದ್ದಾರೆ! ಕೈತುಂಬಾ!"

ಪೊಲೀಸ್ ಬಗ್ಗಿ ಬ್ರೇಕಮ್ಮನ ನರೆಗೂದಲು ನೋಡಿದ. ಮುಂದೆ "ಕಲಿಯುವವರು" ಎಂಬ ಕೆಂಪು ಹಲಗೆ ನೋಡಿದ. "ಮೊದಲು ಗಾಡಿ ಪಕ್ಕಕ್ಕೆ ಹಾಕಿ," ಎಂದ. "ಆಮೇಲೆ ಇಬ್ಬರೂ ಕೂತು ಏನು ಬೇಕಾದ್ರೂ ತಿನ್ನಿ."

ರಸ್ತೆ ಪಕ್ಕದಲ್ಲಿ ನಿಂತ ಕಾರಿನಲ್ಲಿ ಬ್ರೇಕಮ್ಮ ಅಂದು ತಿಂದ ಬೈಗುಳ ತನ್ನ ಶಿಷ್ಯರಿಗೆ ಜನ್ಮದಲ್ಲಿ ಬೈದದ್ದೆಲ್ಲ ಬಡ್ಡಿ ಸಮೇತ ವಾಪಸ್ ಬಂದ ಹಾಗಿತ್ತು. "ನಾನೇ ಹೇಳಿದ್ದೆ ನೋವು ಬಂದ್ರೆ ಹೇಳಿ ಅಂತ! ಕೀಲಿಗೆ ಅಂತಾನೇ ಬೇರೆ ಮಾತ್ರೆ ಇದೆ. ಬೇಕಾದ್ರೆ ಇದನ್ನೇ ಒಂದು ಚೂರು ಕೊಡ್ತಿದ್ದೆ, ಚೂರಿಗೆ ಏನೂ ಆಗಲ್ಲ. ನರಳಿ ಅಂತ ಯಾರು ಹೇಳಿದ್ರು ನಿಮಗೆ?" ಬ್ರೇಕಮ್ಮ ಇಂಗು ತಿಂದ ಮಂಗನ ಹಾಗೆ ಕೂತಿದ್ದಳು. ಯಾರೂ ಹೇಳಿರಲಿಲ್ಲ, ನಿಜ. ಕೊನೆಗೆ ಡಾಕ್ಟರ್ ಮೂಗೊರೆಸಿಕೊಂಡು ಲೆಕ್ಕ ಹಾಕಿದಳು. ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಅದೂ ಅಪಾಯ, ಹಾಗಾಗಿ ಹಂತಹಂತವಾಗಿ ಇಳಿಸುವುದು. ಡ್ರಿಪ್ಪನ್ನು ಇನ್ನೆರಡು ಸಲ ಕೊಡಲು ದೊಡ್ಡ ಡಾಕ್ಟರನ್ನು ಕಾಡಿಬೇಡಿ ಒಪ್ಪಿಸುವುದು. ಪಕ್ಕದ ಸೀಟಿಗೆ ರಜೆ. ಮನೆಯವರಿಗೆ ನೀವೇ ಹೇಳಿ, ಎಂದಳು.

ಸೀಟಿಗೆ ರಜೆ ಹಾಕಿದಳು. ಮನೆಯವರಿಗೆ ಹೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳುವುದು? ಸುಸ್ತು, ಅದಕ್ಕೇ ಕೆಲಸ ಬಿಟ್ಟೆ ಎಂದಳು. ಇನ್ನು ನರಳುವ ನಾಟಕ ಸಾಕು ಎಂದು ಅದನ್ನೂ ಬಿಟ್ಟಳು.

ಮಾತ್ರೆ ಇಳಿಯುತ್ತ ಬಂದ ಹಾಗೆ ನೋವು ಏರುತ್ತ ಬಂತು. ನಿಜವಾದ ನೋವು. ಇಲ್ಲಿ ಒಂದು ವಿಚಿತ್ರ ನೋಡಿ: ಬ್ರೇಕಮ್ಮನಿಗೆ ನಿಜವಾಗಿ ನೋವಾದರೆ ಬಾಯಿಂದ ಸದ್ದು ಬರುವುದಿಲ್ಲ. ಹೆರಿಗೆಯಲ್ಲೂ ಬಂದಿರಲಿಲ್ಲವಂತೆ. ಆ ಮಗು ಉಳಿಯಲಿಲ್ಲ, ಆಗಲೂ ಬಂದಿರಲಿಲ್ಲವಂತೆ. ಸುಮ್ಮನಾಗಿಬಿಡುತ್ತಾಳೆ, ಅಷ್ಟೇ. ಹಾಗಾಗಿ ಮನೆ ಸ್ತಬ್ಧವಾಯಿತು. ಅಕ್ಕ ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ಕೇಳಿ, ಒಳಗೆ ನಿಶ್ಶಬ್ದ ಕಂಡು, ಹೊಲಿಗೆಯವಳ ಮನೆಗೆ ಹೋಗಿ ಅತ್ತಳು. "ಒಂದು ಸಲ ಅಮ್ಮಾ ಅಂದ್ರೂ ಸಾಕಿತ್ತು ಕಣೇ. ಎಷ್ಟು ಚೆನ್ನಾಗಿ ನರಳ್ತಿದ್ಲು!"

ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಡಾಕ್ಟರ್ ಖುಷಿಯಲ್ಲಿ ಲೈಸೆನ್ಸ್ ಪರೀಕ್ಷೆಗೆ ಹೋಗಿ ಮತ್ತೆ ಫೇಲಾದಳು. ಗಡ್ಡೆ ಪೂರ್ತಿ ಹೋಗಿಲ್ಲ, ಹೋಗುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ, ಆದರೆ ಕುಗ್ಗಿದೆ. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನನಗೆ ಹೇಳಬೇಕಾಗಿರುವುದು ಆ ಸ್ಕ್ಯಾನಿಗೂ ಮುಂಚಿನ ಒಂದು ಬೆಳಿಗ್ಗೆಯ ಮಾತು.

ಅಂದು ಚಳಿ ಇತ್ತು. ಬ್ರೇಕಮ್ಮ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಒಂದು ಪಾದಕ್ಕೆ ಕಾಲುಚೀಲ ಹಾಕಿಯಾಗಿತ್ತು. ಇನ್ನೊಂದು ಕೈಯಲ್ಲಿತ್ತು. ಅದನ್ನು ಹಾಕುವುದು ಹೇಗೆಂದು ಯೋಚಿಸುತ್ತಿರುವವಳ ಹಾಗೆ ಅದನ್ನೇ ನೋಡುತ್ತಿದ್ದಳು. ಗಂಡ ಚಹಾ ತಂದವನು ಬಾಗಿಲಲ್ಲಿ ನಿಂತ. ಲೋಟವನ್ನು ಕಿಟಕಿಯ ಮೇಲಿಟ್ಟು, ಬಂದು ನೆಲದ ಮೇಲೆ ಕೂತು, ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಕಾಲುಚೀಲವನ್ನು ಬೆರಳಿನಿಂದ ಹಿಗ್ಗಿಸಿ ಮೆಲ್ಲಗೆ ಏರಿಸಿದ.

"ನೋವಿದೆ ಅಲ್ವಾ?" ಎಂದ.

"ಇಲ್ಲ."

"ಇದೆ. ಈ ಸಲ ನಿಜವಾಗ್ಲೂ ಇದೆ."

"ಈ ಸಲ ಅಂದ್ರೆ?"

ಗಂಡ ತಲೆ ಎತ್ತಲಿಲ್ಲ. "ನೀನು ಬಾಗಿಲಲ್ಲಿ ನಿಂತು ಸತ್ತೇ ಅಂತ ಕೂಗಿದೆಯಲ್ಲ, ಅವತ್ತೇ ಗೊತ್ತಾಯ್ತು ನೋವಿಲ್ಲ ಅಂತ. ನಿನಗೆ ನೋವಾದ್ರೆ ನೀನು ಕೂಗ್ತೀಯಾ? ನೋವಿಲ್ಲ ಅಂದ್ರೆ ಔಷಧಿ ಹಿಡೀತಿಲ್ಲ ಅಂತ ತಾನೆ? ನಾನು ಎದೆಗುಂದಬಾರದು ಅಂತ ನಾಟಕ ಆಡ್ತಿದ್ದಾಳೆ ಅಂದ್ಕೊಂಡೆ."

"ಮತ್ತೆ ಭೇಷ್ ಭೇಷ್ ಅಂತಿದ್ರಲ್ಲ ರೀ? ಮನೆ ಹಾರಿಹೋಗೋ ಹಾಗೆ?"

"ನೀನು ಅಷ್ಟು ಕಷ್ಟಪಟ್ಟು ನರಳ್ತಿದ್ದೆ. ನಾನು ಇನ್ನೇನು ಅನ್ನಲಿ?"

ಬ್ರೇಕಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾತ್ರೆಯ ಕಥೆ, ಕಾಲಿನ ಕಥೆ, ವೃತ್ತದ ಪೊಲೀಸಿನ ಕಥೆ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಗಂಡ ಬೈಯುತ್ತಾನೆ ಎಂದು ಕಾದಳು. ಬೈಯಲು ಬರುವವನಾಗಿದ್ದರೆ ತಾನೆ. ಅವನು ಅವಳ ಪಾದವನ್ನು ಹಾಗೆಯೇ ಹಿಡಿದುಕೊಂಡಿದ್ದ. ಅವನ ಭುಜಗಳು ಅಲುಗುತ್ತಿದ್ದವು.

"ನಿನ್ನ ಬಟ್ಟೆಗಳನ್ನ ಯಾರಿಗೆ ಕೊಡೋದು ಅಂತ ಕೂಡ ಯೋಚನೆ ಮಾಡಿ ಮುಗಿಸಿದ್ದೆ ಕಣೇ," ಎಂದ. "ಭೇಷ್ ಅನ್ನೋದು, ಒಳಗೆ ಹೋಗಿ ಬೀರು ಮುಂದೆ ನಿಂತ್ಕೊಳ್ಳೋದು. ದಿನಾ ಅದೇ ಕೆಲಸ ನನಗೆ."

ಬಾಗಿಲಾಚೆ ಅಕ್ಕ ಕಾಫಿ ಪುಡಿ ಡಬ್ಬಿ ಹುಡುಕುತ್ತ ಯಾರನ್ನೋ ಬೈಯುತ್ತಿದ್ದಳು. ಬ್ರೇಕಮ್ಮ ಊದಿದ ಕೈಯನ್ನು ಗಂಡನ ತಲೆಯ ಮೇಲಿಟ್ಟಳು. ಇಡುವುದಕ್ಕೂ ನೋವಾಯಿತು.

"ರೀ," ಎಂದಳು, ತೀರಾ ಸಣ್ಣ ದನಿಯಲ್ಲಿ. "ತುಂಬಾ ನೋವಾಗ್ತಿದೆ ರೀ."

"ಗೊತ್ತು," ಎಂದ ಗಂಡ. ಎದ್ದು ಡಾಕ್ಟರಿಗೆ ಫೋನ್ ಮಾಡಿದ.